ಸಮುದ್ರದ ಗಾಳಿಗೆ ತಡೆದ ಮರದ ಹೆಂಚು ನಮ್ಮ ಭರಣಿ ಗಾಳಿಗೆ ತಡೆಯುತ್ತದೆಯೇ?

ಕೇಳಿದವರು, ತಿಪಟೂರು ತಾಲ್ಲೂಕು

ಎಲ್ಲರಿಗೂ ನಮಸ್ಕಾರ. ನಮ್ಮದು ಹೊನ್ನವಳ್ಳಿ ಕಡೆ, ಅಜ್ಜನ ಕಾಲದ ತೊಟ್ಟಿಮನೆ. ಮಣ್ಣಿನ ಗೋಡೆ, ತೆಂಗಿನ ತೀರು, ಮೇಲೆ ಮಂಗಳೂರು ಹೆಂಚು. ಪಕ್ಕದಲ್ಲಿ ಪಡುವಣಕ್ಕೆ ಬಾಯಿ ತೆರೆದ ಕೊಟ್ಟಿಗೆ, ಅದಕ್ಕೆ ಜಿಂಕ್ ಶೀಟು. ಈ ಸಲ ಭರಣಿ ಮಳೆ ಹುಟ್ಟಿದ ಸಂಜೆ ಬೀಸಿದ ಗಾಳಿಗೆ ಕೊಟ್ಟಿಗೆಯ ಶೀಟುಗಳು ಪೈಪಿನ ಸಮೇತ ಎದ್ದು ತೋಟದ ಮೂರನೆಯ ಸಾಲಿನ ತೆಂಗಿಗೆ ಸಿಕ್ಕಿಕೊಂಡವು. ಮನೆಯ ಹೆಂಚು ನೂರರ ಮೇಲೆ ಉದುರಿದವು. ದನಗಳು ಪುಣ್ಯಕ್ಕೆ ಹೊರಗಿದ್ದವು. ಆದರೆ ಅಟ್ಟದಲ್ಲಿ ಎಂಟು ತಿಂಗಳಿಂದ ಕೊಬ್ಬರಿಗೆಂದು ಹಾಕಿದ್ದ ಕಾಯಿ ಒಂದು ಮೂಲೆ ಪೂರ್ತಿ ನೆನೆದುಹೋಯಿತು. ತಿಪಟೂರಿನವರಿಗೆ ಅದರ ಸಂಕಟ ಗೊತ್ತು.

ನನ್ನ ತಮ್ಮ ಕೆನಡಾದ ವ್ಯಾಂಕೂವರ್ ದ್ವೀಪದಲ್ಲಿದ್ದಾನೆ. ಅಲ್ಲಿ ಸೀಡರ್ ಮರದ ಹಲಗೆ ಚೂರುಗಳನ್ನು ಹೆಂಚಿನಂತೆ ಹೊದಿಸುತ್ತಾರಂತೆ. ಚಳಿಗಾಲ ಮುಗಿಯುವ ತನಕ ಸಮುದ್ರದಿಂದ ಬಿರುಗಾಳಿ, ಮಳೆ. ಆದರೂ ಮಾಡು ಜಗ್ಗುವುದಿಲ್ಲವಂತೆ. "ಅಣ್ಣ, ಇಲ್ಲಿ ನಿಂತದ್ದು ಅಲ್ಲಿ ನಿಲ್ಲುವುದಿಲ್ಲವೇ? ಹಣ ನಾನು ಕಳಿಸುತ್ತೇನೆ, ಹಾಕಿಸು" ಎನ್ನುತ್ತಿದ್ದಾನೆ. ಅಮ್ಮನಿಗೆ ಆರ್‌ಸಿಸಿ ಬೇಡ, ಬೇಸಿಗೆಯಲ್ಲಿ ಕಾದ ಕಾವಲಿಯ ಕೆಳಗೆ ಮಲಗಿದಂತೆ ಎನ್ನುತ್ತಾರೆ. ಸೀಡರ್ ಕಂಡವರು, ಹೆಂಚು ಉಳಿಸಿಕೊಂಡವರು, ಶೀಟು ಕಳೆದುಕೊಂಡವರು ಯಾರಾದರೂ ಇದ್ದರೆ ಅನುಭವ ಹೇಳಿ.

ಗುಬ್ಬಿಯ ಮರಗೆಲಸದವರು

ಚಿತ್ರದಲ್ಲಿ ನೋಡಲು ಚೆನ್ನ. ಆದರೆ ಅಷ್ಟು ದೂರದಿಂದ ತರಿಸುವುದು, ಅದನ್ನು ಹೊಡೆಯಲು ಬಲ್ಲ ಕೈಯನ್ನು ಹುಡುಕುವುದು, ಎರಡೂ ನಿಮ್ಮ ತಲೆಗೇ ಬರುತ್ತವೆ. ಐದು ವರ್ಷದ ಮೇಲೆ ಹತ್ತು ಚೂರು ಒಡೆದರೆ ಗುಬ್ಬಿ ಸಂತೆಯಲ್ಲಿ ಸಿಗುವುದಿಲ್ಲ.

ಯಾರಾದರೂ "ಸೀಡರ್ ಎಂದರೆ ದೇವದಾರು, ನಮ್ಮಲ್ಲೇ ಕೊಡುತ್ತೇನೆ" ಎಂದರೆ ಮುಂಗಡ ಕೊಡಬೇಡಿ. ನಮ್ಮ ಕುರುಚಲು ಕಾಡಿನಲ್ಲಿ ಹಿರಿಯರು ದೇವದಾರು ಎಂದು ತೋರಿಸುವುದು ಒಂದು ಗಿಡ್ಡ ಮರ, ಅದರಲ್ಲಿ ಹಲಗೆ ಏಳುವುದಿಲ್ಲ. ಹಿಮಾಲಯದ ದೇವದಾರು ಬೇರೆ. ನಿಮ್ಮ ತಮ್ಮ ಹೇಳುವುದು ಮೂರನೆಯದು.

ಅದಿರಲಿ, ನನಗೆ ಬೇಕಾದದ್ದು ಇಷ್ಟು: ಹೆಂಚು ಉದುರಿದ್ದು ಎಲ್ಲಿಂದ? ಕೆಳಗಿನ ರೀಪು, ಅಂದರೆ ಹೆಂಚು ಕೂರುವ ಮರದ ಪಟ್ಟಿ, ಜಾಗದಲ್ಲಿದೆಯೇ, ಕಿತ್ತು ಬಂದಿದೆಯೇ?

ಕೇಳಿದವರು

ನೈರುತ್ಯದ ಮೂಲೆ, ಸೂರಿನ ಕೊನೆಯ ಎರಡು ಮೂರು ಸಾಲು. ಈಗ ಹತ್ತಿ ನೋಡಿ ಬಂದೆ. ರೀಪಿನಲ್ಲಿ ಗೆದ್ದಲು ಹಿಡಿದಿದೆ. ಮೊಳೆಯನ್ನು ಬೆರಳಲ್ಲಿ ಎಳೆದರೆ ಬಂತು. ನಡುಮಾಡಿನ ಹೆಂಚು ಒಂದೂ ಅಲುಗಿಲ್ಲ.

ತುಮಕೂರು, ಸಿಯಾಟಲ್ ಕಡೆ ಹನ್ನೊಂದು ವರ್ಷ ಇದ್ದು ಬಂದವರು

ನಿಮ್ಮ ತಮ್ಮ ಹೇಳುವುದು ಸುಳ್ಳಲ್ಲ. ನಾನು ಅಲ್ಲಿ ಕೊಂಡಿದ್ದ ಹಳೆಯ ಮನೆಗೆ ಸೀಡರ್‌ನ ಮಾಡು ಇತ್ತು. ಕೂಲಿ ಕೇಳಿ ಎದೆ ಒಡೆದು, ಒಂದು ಮಗ್ಗುಲನ್ನು ನಾನೇ ಗೆಳೆಯನೊಬ್ಬನ ಜೊತೆ ಶನಿವಾರ ಭಾನುವಾರ ಹತ್ತಿ ಹೊಸದಾಗಿ ಹೊದಿಸಿದೆ. ಅರ್ಧ ಕಲಿತದ್ದು ಅವನಿಂದ, ಉಳಿದರ್ಧ ತಪ್ಪು ಮಾಡಿ.

ಆ ಮರದ ಹೆಸರು ವೆಸ್ಟರ್ನ್ ರೆಡ್ ಸೀಡರ್, ಸಸ್ಯಶಾಸ್ತ್ರದಲ್ಲಿ ಥೂಜಾ ಪ್ಲಿಕಾಟಾ. ಸೈಪ್ರೆಸ್ ಜಾತಿಯದು, ದೇವದಾರಿನ ನೆಂಟನೂ ಅಲ್ಲ. ಮರದೊಳಗಿನ ಎಣ್ಣೆಯಂಥ ಅಂಶಗಳು ಕೊಳೆಯನ್ನೂ ಹುಳುವನ್ನೂ ದೂರ ಇಡುತ್ತವೆ. ಗರಗಸದಲ್ಲಿ ನಯವಾಗಿ ಕೊಯ್ದರೆ ಶಿಂಗಲ್, ಸೀಳಿ ಒರಟಾಗಿ ತೆಗೆದರೆ ಶೇಕ್. ತಲೆಯ ಕಡೆ ತೆಳು, ಬುಡದ ಕಡೆ ದಪ್ಪ. 16, 18, 24 ಅಂಗುಲದ ಉದ್ದದಲ್ಲಿ ಬರುತ್ತವೆ. ನಾನು ಹಾಕಿದ್ದು 16ರದು. ಅದರಲ್ಲಿ ಬಿಸಿಲಿಗೆ ಕಾಣುವುದು ಬುಡದ 5 ಅಂಗುಲ ಮಾತ್ರ, ಉಳಿದದ್ದೆಲ್ಲ ಮೇಲಿನ ಸಾಲುಗಳ ಕೆಳಗೆ. ಅಂದರೆ ಮಾಡಿನ ಯಾವ ಜಾಗದಲ್ಲಿ ಬೆರಳಿಟ್ಟರೂ ಕೆಳಗೆ ಮೂರು ಪದರ ಇರಬೇಕು. ಗಾಳಿ ಮಳೆಯನ್ನು ಮೇಲಕ್ಕೆ ನೂಕಿದರೂ ನೀರು ಮೂರನೆಯ ಪದರ ದಾಟುವುದಿಲ್ಲ. ಇಳಿಜಾರು ಕಡಿಮೆಯಾದರೆ ಈ ಲೆಕ್ಕ ಕೆಡುತ್ತದೆ. 12 ಅಡಿ ಒಳಗೆ ಹೋದರೆ 4 ಅಡಿ ಏರಬೇಕು, ಅದಕ್ಕಿಂತ ಚಪ್ಪಟೆಯಾದರೆ ಕಾಣುವ ಭಾಗವನ್ನು ಇನ್ನೂ ಕಡಿಮೆ ಮಾಡಬೇಕು.

ಎರಡು ಚೂರುಗಳ ನಡುವೆ ಕಾಲಂಗುಲದಷ್ಟು ಸಂದು ಬಿಡಬೇಕು. ಮಳೆಯಲ್ಲಿ ಮರ ಉಬ್ಬುತ್ತದೆ. ಸಂದು ಇಲ್ಲದಿದ್ದರೆ ಒಂದನ್ನೊಂದು ತಳ್ಳಿ ಬೆನ್ನು ಎತ್ತುತ್ತವೆ, ಎತ್ತಿದ ಬೆನ್ನಿನ ಕೆಳಗೆ ಗಾಳಿ ನುಗ್ಗುತ್ತದೆ. ಒಂದು ಸಾಲಿನ ಸಂದಿಗೂ ಮೇಲಿನ ಸಾಲಿನ ಸಂದಿಗೂ ಒಂದೂವರೆ ಅಂಗುಲವಾದರೂ ಅಂತರವಿರಬೇಕು. ಚೂರು ಎಷ್ಟೇ ಅಗಲವಿರಲಿ, ಎರಡೇ ಮೊಳೆ, ಅಂಚಿನಿಂದ ಮುಕ್ಕಾಲು ಅಂಗುಲ ಒಳಗೆ. ಸುತ್ತಿಗೆಯ ಕೊನೆಯ ಏಟು ಹಗುರವಾಗಿರಬೇಕು. ಮೊಳೆಯ ತಲೆ ಮರವನ್ನು ಮುಟ್ಟಿ ನಿಂತರೆ ಸಾಕು. ನಾನು ಮೊದಲ ದಿನ ಹುರುಪಿನಲ್ಲಿ ಒಳಗೆ ಹೂತು ಹೊಡೆದವೆಲ್ಲ ಸೀಳಿದ್ದವು, ಮರುವಾರ ಕಿತ್ತು ಹಾಕಬೇಕಾಯಿತು.

ಇನ್ನು ಮೊಳೆಯ ಪುರಾಣ. ಸೀಡರ್‌ನ ಒಗರು ಕಬ್ಬಿಣವನ್ನು ತಿನ್ನುತ್ತದೆ, ಸಮುದ್ರದ ಉಪ್ಪುಗಾಳಿ ಉಳಿದದ್ದನ್ನು ತಿನ್ನುತ್ತದೆ. ಬಲ್ಲವರು ಉಪ್ಪುನೀರಿನ ಹತ್ತಿರ 316 ದರ್ಜೆಯ ಸ್ಟೇನ್‌ಲೆಸ್ ಮೊಳೆಯನ್ನೇ ಹಾಕುತ್ತಾರೆ. ನಾನು ಸ್ವಲ್ಪ ಹಣ ಉಳಿಸಲು ಹೋಗಿ ಒಂದು ಪಟ್ಟೆಗೆ ಮೇಲೆ ಸತುವಿನ ತೆಳು ಲೇಪವಿದ್ದ ಅಗ್ಗದ ಮೊಳೆ ಹೊಡೆದೆ. ಆರನೆಯ ಚಳಿಗಾಲದ ಹೊತ್ತಿಗೆ ಮೊಳೆಯಿಂದ ಕಪ್ಪು ಗೆರೆಗಳು ಇಳಿದಿದ್ದವು. ಒಂದು ರಾತ್ರಿಯ ಗಾಳಿಗೆ ಆ ಪಟ್ಟೆ ಮಾತ್ರ ಇಸ್ಪೀಟಿನ ಎಲೆಗಳಂತೆ ಜಾರಿ ಅಂಗಳಕ್ಕೆ ಬಿತ್ತು. ಹಲಗೆ ಹೊಸದರಂತೆಯೇ ಇತ್ತು, ಸತ್ತದ್ದು ಮೊಳೆ.

ಈಗ ನಿಮ್ಮ ವಿಷಯ. ನಿಮ್ಮ ತಮ್ಮನ ದ್ವೀಪದ ಪಶ್ಚಿಮ ಅಂಚಿನ ಟೊಫಿನೊದಲ್ಲಿ ವರ್ಷಕ್ಕೆ 3000 ಮಿಲಿಮೀಟರಿಗೂ ಹೆಚ್ಚು ಮಳೆ. ಬಿಸಿಲು ಮೆತ್ತಗೆ. ಆ ಮರ ಹುಟ್ಟಿ ಬೆಳೆದದ್ದೇ ಅಂಥ ತೇವದಲ್ಲಿ. ತಿಪಟೂರಿನ ಏಪ್ರಿಲ್ ಬಿಸಿಲಿನಲ್ಲಿ ಕಾದು, ಸಂಜೆ ಒಮ್ಮೆಲೇ ನೆನೆದು, ಮರುದಿನ ಮತ್ತೆ ಕಾದರೆ ಅದು ಸೊಟ್ಟಗಾಗಿ ಬಿರಿಯುತ್ತದೆ ಎಂಬುದು ನನ್ನ ಅನಿಸಿಕೆ. ಇನ್ನೊಂದು, ಅದು ಮರ. ಬೆಂಕಿ ತಡೆಯುವ ಔಷಧಿ ಹಾಕಿಸದ ಸೀಡರ್ ಚೆನ್ನಾಗಿಯೇ ಉರಿಯುತ್ತದೆ. ನಿಮ್ಮದು ಸೌದೆ ಒಲೆ, ಅಟ್ಟದ ತುಂಬ ಒಣಗಿದ ಕಾಯಿ, ಹಿತ್ತಿಲಲ್ಲಿ ಮಟ್ಟೆಯ ಗುಡ್ಡೆ. ದೀಪಾವಳಿಯ ಒಂದು ರಾಕೆಟ್ ಸಾಕು. ತಮ್ಮನ ಹಣವನ್ನು ಬೇಡ ಎನ್ನಬೇಡಿ, ಸೀಡರ್ ಬೇಡ ಎನ್ನಿ.

ತುಮಕೂರು, ನಿವೃತ್ತ ಎಂಜಿನಿಯರ್

ಮೇಲಿನವರ ಮೊಳೆಯ ಕಥೆಗೆ ಲೆಕ್ಕ ಸೇರಿಸುತ್ತೇನೆ. ಕಟ್ಟಡಗಳ ಗಾಳಿಯ ಲೆಕ್ಕಕ್ಕೆ ನಮ್ಮಲ್ಲಿ ಐಎಸ್ 875 ಎಂಬ ಭಾರತೀಯ ಮಾನದಂಡದ ಮೂರನೆಯ ಭಾಗವಿದೆ. ಅದರಲ್ಲಿ ಮೂಲ ಗಾಳಿವೇಗ ಮಂಗಳೂರಿಗೆ ಸೆಕೆಂಡಿಗೆ 39 ಮೀಟರ್, ಬೆಂಗಳೂರಿಗೆ 33. ಕರಾವಳಿಯವರು ನಮ್ಮನ್ನು ನೋಡಿ ನಗಬಹುದು, ಆದರೆ 33 ಎಂದರೆ ಗಂಟೆಗೆ ಸುಮಾರು 119 ಕಿಲೋಮೀಟರ್. ಅದು ಚದರ ಮೀಟರಿಗೆ ಸುಮಾರು 66 ಕಿಲೋ ತೂಕದಷ್ಟು ಒತ್ತಡ. ಗುಣಕಗಳು ಇನ್ನೂ ಇವೆ, ಅವನ್ನು ಬಿಡಿ.

ಅರ್ಧ ಮಿಲಿಮೀಟರ್ ದಪ್ಪದ ಶೀಟು ಚದರ ಮೀಟರಿಗೆ ತೂಗುವುದು 4 ಕಿಲೋ. ಮಂಗಳೂರು ಹೆಂಚಿನ ಹೊದಿಕೆ 40ರ ಆಸುಪಾಸು, ಜೊತೆಗೆ ಸಂದುಗಳಲ್ಲಿ ಗಾಳಿ ನುಸುಳುವುದರಿಂದ ಮೇಲೆಳೆತವೂ ಕಡಿಮೆ. ರಾಗಿ ತೂರುವಾಗ ಹೊಟ್ಟು ಹಾರಿ ಕಾಳು ಕಾಲ ಬಳಿಯೇ ಬೀಳುವಂತೆ ಇದೂ. ಆದರೆ ಗಾಳಿ ಮಾಡಿನ ಮೇಲೆಲ್ಲ ಒಂದೇ ಸಮ ಎಳೆಯುವುದಿಲ್ಲ. ಸೂರು, ಮೂಲೆ, ನೆತ್ತಿ, ಈ ಅಂಚುಗಳಲ್ಲಿ ಎಳೆತ ನಡುಮಾಡಿಗಿಂತ ಬಹಳ ಹೆಚ್ಚು. ನಿಮ್ಮ ಹೆಂಚು ಹೋದದ್ದೂ ಮೂಲೆಯಿಂದಲೇ.

ಕೊಟ್ಟಿಗೆಯ ಕಥೆ ಬೇರೆ. ಪಡುವಣಕ್ಕೆ ತೆರೆದ ಬಾಯಿ, ಉಳಿದ ಮೂರು ಕಡೆ ಗೋಡೆ. ಒಳಗೆ ನುಗ್ಗಿದ ಗಾಳಿಗೆ ಹೊರಗೆ ಹೋಗಲು ದಾರಿಯಿಲ್ಲ, ಮೇಲಕ್ಕೆ ತಳ್ಳುತ್ತದೆ. ಹೊರಗಿನಿಂದ ಎಳೆತ, ಒಳಗಿನಿಂದ ತಳ್ಳುವಿಕೆ. ಮತ್ತೆ ಕಟ್ಟುವಾಗ ಬಾಯನ್ನು ಮೂಡಣಕ್ಕೆ ತಿರುಗಿಸಿ. ಆಗದಿದ್ದರೆ ಹಿಂಗೋಡೆಯ ಮೇಲ್ಭಾಗದಲ್ಲಿ ಜಾಲಂಧ್ರ ಬಿಡಿ.

ಚಿಕ್ಕಬಳ್ಳಾಪುರ, ದ್ರಾಕ್ಷಿ ತೋಟದ ಗೃಹಿಣಿ

ಶೀಟು ಕಳೆದುಕೊಂಡವರನ್ನು ಕರೆದಿದ್ದೀರಿ, ಬಂದಿದ್ದೇನೆ. ನಮ್ಮ ದ್ರಾಕ್ಷಿ ತುಂಬುವ ಶೆಡ್ಡು ಎರಡು ಸಲ ಹಾರಿದೆ. ಮೊದಲ ಸಲ ಹಾಕಿದವನು ಶೀಟಿನ ಎರಡು ಉಬ್ಬು ಬಿಟ್ಟು ಒಂದು ಸ್ಕ್ರೂ ಹೊಡೆದಿದ್ದ, ಅಂಚಿನಲ್ಲೂ ಹಾಗೆಯೇ. ಎರಡನೆಯ ಸಲ ಸ್ಕ್ರೂಗಳು ಗಟ್ಟಿಯಿದ್ದವು, ಶೀಟು ಪೈಪನ್ನು ಬಿಡಲಿಲ್ಲ, ಪೈಪು ಗೋಡೆಯನ್ನು ಬಿಟ್ಟಿತು. ನಿಮ್ಮದೂ ಪೈಪಿನ ಸಮೇತ ಹೋಗಿದೆ ಎಂದಿರಲ್ಲ, ಅದೇ ರೋಗ. ಪೈಪನ್ನು ಗೋಡೆಯ ಮೇಲಿನ ಎರಡು ಇಟ್ಟಿಗೆಗೆ ಸಿಮೆಂಟು ಹಾಕಿ ಕೂರಿಸಿರುತ್ತಾರೆ. ಗಾಳಿ ಆ ಎರಡು ಇಟ್ಟಿಗೆಯನ್ನೂ ಹೊತ್ತುಕೊಂಡು ಹೋಗುತ್ತದೆ. ಮೂರನೆಯ ಸಲ ಕಂಬಗಳನ್ನು ನೆಲದಲ್ಲಿ ಎರಡೂವರೆ ಅಡಿ ಕಾಂಕ್ರೀಟಿನಲ್ಲಿ ಹೂಳಿಸಿ ಪೈಪನ್ನು ಕಂಬಕ್ಕೇ ಬೆಸೆಸಿದೆವು. ಅಂಚಿನ ಸಾಲಿನಲ್ಲಿ ಪ್ರತಿ ಉಬ್ಬಿಗೂ ಸ್ಕ್ರೂ. ರಬ್ಬರ್ ವಾಷರ್ ಬಿಸಿಲಿಗೆ ಬಿರಿಯುತ್ತದೆ, ನಾಲ್ಕೈದು ವರ್ಷಕ್ಕೊಮ್ಮೆ ಬದಲಾಯಿಸಿ. ಶೀಟಿನ ಮೇಲೆ ಕಲ್ಲು, ಹಳೆ ಟೈರು ಹೇರುವವರನ್ನು ನೋಡಿದ್ದೇನೆ. ದಯವಿಟ್ಟು ಬೇಡ, ಗಾಳಿಗೆ ಅದೇ ಕಲ್ಲು ಪಕ್ಕದ ಮನೆಯ ಮಗುವಿನ ಮೇಲೆ ಬೀಳುತ್ತದೆ.

ಇನ್ನೂ ಒಂದು ಮಾತು. ರಿಪೇರಿಗೆ ಕೈ ಹಾಕುವ ಮುಂಚೆ ಬಿದ್ದದ್ದು ಬಿದ್ದ ಹಾಗೇ ಫೋಟೋ ತೆಗೆದು ಗ್ರಾಮ ಆಡಳಿತಾಧಿಕಾರಿಗೆ (ಹಿಂದೆ ಗ್ರಾಮ ಲೆಕ್ಕಿಗರು ಎನ್ನುತ್ತಿದ್ದೆವು) ಅರ್ಜಿ ಕೊಡಿ. ನಾವು ಮೊದಲ ಸಲ ಚೊಕ್ಕಟವಾಗಿ ಎಲ್ಲ ಎತ್ತಿಟ್ಟು ಆಮೇಲೆ ಹೋದೆವು. ಪರಿಹಾರಕ್ಕೆ ಸಾಕ್ಷಿ ಎಲ್ಲಿ ಎಂದರು.

ಕುಮಟಾದ ತವರು, ಶಿರಾದ ಸೊಸೆ

ನಗುವ ಕರಾವಳಿಯವಳು ನಾನೇ, ಎಂಜಿನಿಯರ್ ಸಾರ್! ಮದುವೆಯಾಗಿ ಬಂದ ವರ್ಷ ಇಲ್ಲಿನ ಆಷಾಢದ ಗಾಳಿ ನೋಡಿ ನಗು ನಿಂತಿತು. ನಮ್ಮಲ್ಲಿ ಗಾಳಿಯ ಜೊತೆ ಮಳೆ ಇರುತ್ತದೆ, ಇಲ್ಲಿ ಬರಿ ಗಾಳಿ, ಹಗಲೂ ರಾತ್ರಿ.

ಹೆಂಚು ನಮ್ಮ ಕಡೆಯದೇ. 1865ರಲ್ಲಿ ಬಾಸೆಲ್ ಮಿಷನ್‌ನವರು ಮಂಗಳೂರಿನ ಜೆಪ್ಪುವಿನಲ್ಲಿ ಮೊದಲ ಕಾರ್ಖಾನೆ ತೆರೆದರು, ಅಲ್ಲಿಂದ ಘಟ್ಟ ಹತ್ತಿತು. ಆದರೆ ಹೆಂಚು ಬಂದಷ್ಟು ಸಲೀಸಾಗಿ ಅದನ್ನು ಕೂರಿಸುವ ಕ್ರಮ ಬರಲಿಲ್ಲ ಎಂದು ನನಗೆ ಅನ್ನಿಸುತ್ತದೆ. ತವರಿನಲ್ಲಿ ಮಾಡು ಕಡಿದಾಗಿರುತ್ತದೆ, ಇಲ್ಲಿ ಮರ ಉಳಿಸಲು ಚಪ್ಪಟೆ ಮಾಡುತ್ತಾರೆ. ಬಹಳಷ್ಟು ಹೆಂಚುಗಳ ಅಡಿಯ ಮೂಗಿನಲ್ಲಿ ಸಣ್ಣ ತೂತು ಇರುತ್ತದೆ. ಅದು ಅಲಂಕಾರಕ್ಕಲ್ಲ, ತಂತಿ ಪೋಣಿಸಿ ರೀಪಿಗೆ ಬಿಗಿಯಲು. ಅಪ್ಪ ಸೂರಿನ ಮೂರು ಸಾಲು, ಮಗ್ಗುಲಿನ ಎರಡು ಸಾಲುಗಳನ್ನು ತಾಮ್ರದ ತಂತಿಯಲ್ಲಿ ಕಟ್ಟಿಸುತ್ತಿದ್ದರು. ಎಲ್ಲ ಹೆಂಚನ್ನೂ ಕಟ್ಟಬೇಡಿ, ಒಡೆದದ್ದನ್ನು ಬದಲಾಯಿಸಲು ಒದ್ದಾಡುತ್ತೀರಿ. ಸೂರಿನ ಕೆಳಗೆ ಅಡ್ಡ ಹಲಗೆ ಹೊಡೆಸಿ ಗಾಳಿಯ ಬಾಯಿ ಮುಚ್ಚಿ. ನೆತ್ತಿಯ ಹೆಂಚನ್ನು ಗಾರೆಯಲ್ಲಿ ಕೂರಿಸಿದರೆ ಸಾಕು. ಇಡೀ ಮಾಡಿಗೆ ಸಿಮೆಂಟು ಮೆತ್ತುವವರ ಮಾತು ಕೇಳಬೇಡಿ.

ಹಿಂದೆ ನಾಡಹೆಂಚಿನ ಕಾಲದಲ್ಲಿ ಪ್ರತಿ ವರ್ಷ ಮಳೆಗೆ ಮುಂಚೆ ಹೆಂಚು ಕೈಯಾಡಿಸುತ್ತಿದ್ದರು ಎಂದು ನಮ್ಮ ಅತ್ತೆ ಹೇಳುತ್ತಾರೆ. ಮಂಗಳೂರು ಹೆಂಚು ಬಂದ ಮೇಲೆ ಯಾರೂ ಮೇಲೆ ಹತ್ತುವುದೇ ಇಲ್ಲ. ಗೆದ್ದಲಿಗೆ ಅಷ್ಟು ಬಿಡುವು ಸಾಕು.

ಕೇಳಿದವರು

ಎಲ್ಲರಿಗೂ ಋಣಿ. ನಿನ್ನೆ ರಾತ್ರಿ ತಮ್ಮನಿಗೆ ಇದನ್ನೆಲ್ಲ ಓದಿ ಹೇಳಿದೆ. ಮೊದಲು ಮುನಿಸಿಕೊಂಡ. ಮೊಳೆಯ ಕಥೆ ಬಂದಾಗ ಸುಮ್ಮನಾಗಿ, ತನ್ನ ಮನೆಯ ಮಾಡಿಗೆ ಯಾವ ಮೊಳೆ ಹೊಡೆದಿದ್ದಾರೋ ನೋಡಬೇಕು ಎಂದ. ಗ್ರಾಮ ಆಡಳಿತಾಧಿಕಾರಿಗೆ ಫೋಟೋ ಕೊಟ್ಟಾಯಿತು. ಪಡುವಣ ಮಗ್ಗುಲಿನ ರೀಪು ಪೂರ್ತಿ ಹೊಸದು, ಹೆಂಚು ಹಳೆಯದೇ, ಅಂಚಿನ ಸಾಲುಗಳಿಗೆ ತಂತಿ. ಕೊಟ್ಟಿಗೆಯ ಬಾಯಿ ತಿರುಗಿಸಲು ಗೊಬ್ಬರದ ಗುಂಡಿ ಅಡ್ಡ ಬರುತ್ತದೆ, ಜಾಲಂಧ್ರವೇ ಗತಿ. ಗುಬ್ಬಿಯವರೇ, ರೀಪಿಗೆ ಯಾವ ಮರ? ಮನೆಯಲ್ಲೇ ಬಿದ್ದ ತೆಂಗು ಎರಡಿವೆ.

ಗುಬ್ಬಿಯ ಮರಗೆಲಸದವರು

ಮರ ಎಷ್ಟು ಹಳೆಯದು ನೋಡಿ. ಐವತ್ತು ದಾಟಿದ್ದರೆ ಬುಡದ ಹದಿನೈದು ಅಡಿಯಲ್ಲಿ ಹೊರಗಿನ ಕಪ್ಪು ಚೇಗನ್ನು ಮಾತ್ರ ಕೊಯ್ಸಿ, ನಡುವಿನ ಮೆತ್ತನೆಯದು ಒಲೆಗೆ. ಎಳೆಯ ಮರವಾದರೆ ಕೈ ಬಿಡಿ, ಬೇರೆ ನೋಡೋಣ. ಕೊಯ್ದ ಮೇಲೆ ನೆರಳಿನಲ್ಲಿ ಒಣಗಲಿ, ಆಮೇಲೆ ಗೆದ್ದಲಿನ ಎಣ್ಣೆ ಎರಡು ಕೈ. ಪ್ರತಿ ತೀರಿಗೂ ರೀಪು ಕೂರುವ ಕಡೆ ಎರಡು ಮೊಳೆ, ಎದುರು ಬದುರು ಓರೆಯಾಗಿ. ತೀರುಗಳು ಗೋಡೆಯ ಮೇಲೆ ಬರಿದೇ ಕೂತಿವೆಯೋ, ಕಟ್ಟಿದೆಯೋ, ಅದನ್ನೂ ನೋಡಬೇಕು. ಮಣ್ಣಿನ ಗೋಡೆಯಾದ್ದರಿಂದ ಕಬ್ಬಿಣದ ಪಟ್ಟಿಯನ್ನು ಎರಡು ಅಡಿಯಾದರೂ ಕೆಳಗಿಳಿಸಿ ಬಿಗಿಯಬೇಕಾಗುತ್ತದೆ. ರೋಹಿಣಿ ಮಳೆಗೆ ಮುಂಚೆ ಒಂದು ಬುಧವಾರ ಬರುತ್ತೇನೆ, ಏಣಿ ಇಟ್ಟಿರಿ.