ಮುಳ್ಳು ಹಸಿರಲ್ಲೇ ಇದೆ, ಒತ್ತಿದರೆ ಬರೀ ಗಾಳಿ!

ಮುಲುಂಡ್‌ವಾಸಿ: ನಮ್ಮ ಸೊಸೈಟಿಯ ಕಸದ ಡಬ್ಬಕ್ಕೆ ಯಾರೋ ಬೀಡಿ ಎಸೆದು ಬೆಂಕಿ ಹತ್ತಿತ್ತು. ವಾಚ್‌ಮನ್ ಬೆಂಕಿ ಆರಿಸುವ ಎಬಿಸಿ ಪೌಡರ್ ಸಿಲಿಂಡರ್ ತಂದು ಪಿನ್ ಕಿತ್ತು ಒತ್ತಿದ. ಬುಸ್ ಅಂತ ಗಾಳಿ, ಒಂದು ಚಿಟಿಕೆ ಪುಡಿ, ಅಷ್ಟೇ. ಬಕೆಟ್ ನೀರೇ ಗತಿಯಾಯಿತು. ಒತ್ತುವ ಮುಂಚೆ ಒತ್ತಡ ತೋರಿಸುವ ಗೇಜಿನ ಮುಳ್ಳು ಹಸಿರಲ್ಲೇ ಇತ್ತು. ಇನ್ನೊಂದು ವಿಷಯ: ಮೀಟರ್ ರೂಮಿನ ಸಿಲಿಂಡರ್‌ಗೆ ಗೇಜೇ ಇಲ್ಲ. ಕದ್ದರೇ?

ಪುಣೇರಿ_ಗೌಡ: ಗೇಜ್ ಕದ್ದು ಏನು ಮಾಡ್ತಾರೆ ಮಾರಾಯರೇ, ಅದು ಸಿಓಟು (ಕಾರ್ಬನ್ ಡೈಆಕ್ಸೈಡ್) ಸಿಲಿಂಡರ್ ಇರಬೇಕು. ಬಾಯಿಗೆ ಕಪ್ಪು ಕಹಳೆ ಇದೆಯಾ ನೋಡಿ.

ಸೇಫ್ಟಿ_ಶೆಟ್ಟಿ: ಗೌಡರು ಹೇಳಿದ್ದು ಸರಿ. ಸಿಓಟು ಒಳಗೆ ದ್ರವವಾಗಿರುತ್ತದೆ, ಅರ್ಧ ಖಾಲಿಯಾದರೂ ಒತ್ತಡ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಹಾಗಾಗಿ ತೂಗಿಯೇ ನೋಡಬೇಕು. ಗ್ಯಾಸಿನ ತೂಕ ಶೇ. 10ಕ್ಕಿಂತ ಹೆಚ್ಚು ಇಳಿದಿದ್ದರೆ ರೀಫಿಲ್.

ಎಬಿಸಿಯಲ್ಲಿ ಮುಳ್ಳು ತೋರಿಸುವುದು ಗ್ಯಾಸಿನ ಒತ್ತಡ ಮಾತ್ರ; ಪುಡಿ ಸಡಿಲವಾಗಿದೆಯೋ ಗಟ್ಟಿಯಾಗಿದೆಯೋ ಅದಕ್ಕೇನು ಗೊತ್ತು? ಪುಡಿ ಹೆಪ್ಪುಗಟ್ಟಿದರೆ ಗ್ಯಾಸ್ ಒಂದು ತೂತು ಕೊರೆದುಕೊಂಡು ಹೊರಬರುತ್ತದೆ. ಮುಖ್ಯ ಅನುಮಾನ ತೇವದ ಮೇಲೆ: ಒಣ ನೈಟ್ರೋಜನ್ ಬದಲು ಮಳೆಗಾಲದಲ್ಲಿ ಮಾಮೂಲಿ ಕಂಪ್ರೆಸರ್ ಗಾಳಿ ತುಂಬಿದರೆ ಹೀಗಾಗುತ್ತದೆ. ಉಳಿದವನ್ನೂ ತಲೆಕೆಳಗು ಮಾಡಿ ಕಿವಿಗೊಡಿ, ಪುಡಿ ಸರಸರ ಜಾರಬೇಕು. ಜಾರದಿದ್ದರೆ ಕುಟ್ಟಿ ಸರಿಮಾಡಲು ಹೋಗಬೇಡಿ, ರೀಫಿಲ್‌ಗೆ ಕೊಡಿ.

ಮುಲುಂಡ್‌ವಾಸಿ: ಕಹಳೆ ಇದೆ! ಎಬಿಸಿ ಒಂದೊಂದನ್ನೂ ಸ್ವಲ್ಪ ಒತ್ತಿ ನೋಡಿಬಿಡಲೇ?

ಸೇಫ್ಟಿ_ಶೆಟ್ಟಿ: ಬೇಡವೇ ಬೇಡ! ಪುಡಿಯ ಕಣ ವಾಲ್ವ್‌ನಲ್ಲಿ ಸಿಕ್ಕಿಕೊಂಡು ಒತ್ತಡ ಮೆಲ್ಲಗೆ ಸೋರಿಹೋಗುತ್ತದೆ. ಒಮ್ಮೆ ಒತ್ತಿದ್ದು ರೀಫಿಲ್ ಆಗಲೇಬೇಕು. ಅಂದಹಾಗೆ, ಮಹಾರಾಷ್ಟ್ರದ 2006ರ ಅಗ್ನಿಸುರಕ್ಷೆ ಕಾಯ್ದೆ ಪ್ರಕಾರ ಸೊಸೈಟಿಯವರು ಜನವರಿ, ಜುಲೈಗಳಲ್ಲಿ ಲೈಸೆನ್ಸ್ ಇರುವ ಏಜೆನ್ಸಿಯಿಂದ ಫಾರ್ಮ್ ಬಿ (ಬೆಂಕಿ ಆರಿಸುವ ಸಾಧನಗಳು ಸುಸ್ಥಿತಿಯಲ್ಲಿವೆ ಎಂಬ ಪ್ರಮಾಣಪತ್ರ) ತೆಗೆದುಕೊಳ್ಳಬೇಕು. ಸೆಕ್ರೆಟರಿಯನ್ನು ಕೇಳಿ. ಬರೀ ಸಹಿ ಹಾಕಿ ಹೋಗುವ ಏಜೆನ್ಸಿಯಾದರೆ ಬದಲಾಯಿಸಿ.

ಮಾಟುಂಗಾ_ಅಕ್ಕ: ಅಡುಗೆಮನೆಗೂ ಎಬಿಸಿ ಸಾಕಾ?

ಸೇಫ್ಟಿ_ಶೆಟ್ಟಿ: ಬಾಣಲೆ ಎಣ್ಣೆಗೆ ಸಾಲದು, ಆರಿದಂತೆ ಕಂಡು ಮತ್ತೆ ಹತ್ತಬಹುದು. ಒಲೆ ಆರಿಸಿ, ಮುಚ್ಚಳ ಮುಚ್ಚಿ, ತಣಿಯುವವರೆಗೆ ತೆಗೆಯಬೇಡಿ. ನೀರು ಮಾತ್ರ ಹಾಕಲೇಬಾರದು. ಮುಚ್ಚಳದಿಂದ ಆಗದಷ್ಟು ದೊಡ್ಡದಾದರೆ ಎಲ್ಲರೂ ಹೊರಗೆ ಬಂದು 101ಕ್ಕೆ ಫೋನ್ ಮಾಡಿ.

ಮುಲುಂಡ್‌ವಾಸಿ: ತಲೆಕೆಳಗು ಮಾಡಿ ನೋಡಿದೆವು, ಎರಡನೇ ಮಹಡಿಯದ್ದೂ ಕಲ್ಲು. ಎಲ್ಲವನ್ನೂ ನಾಳೆಯೇ ಕಳಿಸುತ್ತೇವೆ.

ಸೇಫ್ಟಿ_ಶೆಟ್ಟಿ: ಎಲ್ಲವನ್ನೂ ಒಟ್ಟಿಗೆ ಕಳಿಸಿ ಗೋಡೆ ಖಾಲಿ ಮಾಡಬೇಡಿ, ಬದಲಿ ಸಿಲಿಂಡರ್ ಇಡಿಸಿಕೊಳ್ಳಿ.