ಹೊಸ ಸೋಶಿಯಲ್ ಮೀಡಿಯಾಗೆ ಹೋಗುವಾಗ ಹಳೇ ಖಾತೆ ಅಳಿಸಬೇಕಾ?

ಅರ್ಧರಾತ್ರಿ_ಸಂಪಾದಕಿ:
ಎಲ್ಲರಿಗೂ ನಮಸ್ಕಾರ. ನಾವು ಕೆಲವು ಗೆಳೆಯರು ಸೇರಿ ಒಂದು ಚಿಕ್ಕ ವಿಜ್ಞಾನ ಸುದ್ದಿ ವೆಬ್‌ಸೈಟ್ ನಡೆಸುತ್ತೇವೆ. ಈಗ ಎಕ್ಸ್‌ನಲ್ಲಿ (ಹಿಂದಿನ ಟ್ವಿಟರ್) ಇರುವ ಖಾತೆಯಲ್ಲಿ ಫಾಲೋವರ್ಸ್‌ಗೇನೂ ಕೊರತೆಯಿಲ್ಲ, ಆದರೆ ಲಿಂಕ್ ಒತ್ತಿ ಲೇಖನ ಓದಲು ಬರುವವರು ತೀರಾ ಕಡಿಮೆ. ಲೈಕ್ ಒತ್ತಿ ಮುಂದೆ ಹೋಗುತ್ತಾರೆ ಅಷ್ಟೇ. ಅದೇ ಥರದ ಇನ್ನೊಂದು ತಾಣ ಬ್ಲೂಸ್ಕೈನಲ್ಲಿ ಇದ್ದೀರಾ ಅಂತ ಕೆಲವು ಓದುಗರೇ ಕೇಳುತ್ತಿದ್ದಾರೆ. ತಂಡದಲ್ಲಿ ಒಬ್ಬರು ಬ್ರಿಟನ್ನಿನ ಗಾರ್ಡಿಯನ್ ಪತ್ರಿಕೆ ಥರ ಪೂರ್ತಿ ಬಿಟ್ಟೇಬಿಡೋಣ, ಖಾತೆನೇ ಅಳಿಸೋಣ ಅಂತಾರೆ. ಇನ್ನೊಬ್ಬರಿಗೆ ಇಷ್ಟು ವರ್ಷ ಕಟ್ಟಿದ್ದನ್ನು ಬಿಡಲು ಮನಸ್ಸಿಲ್ಲ. ಎರಡೂ ಕಡೆ ನೋಡಿಕೊಳ್ಳೋಕೆ ಜನ ಇಲ್ಲ, ನಮ್ಮಲ್ಲಿ ಸಂಬಳ ತಗೊಳ್ಳುವವರೇ ಇಲ್ಲ. ದೊಡ್ಡ ಸುದ್ದಿಸಂಸ್ಥೆಗಳು ಬಿಟ್ಟು ಹೋದ ಮೇಲೆ ಓದುಗರನ್ನು ಕಳೆದುಕೊಂಡವಾ? ಖಾತೆ ಅಳಿಸೋದು ಸರಿಯಾ? ಗೊತ್ತಿದ್ದವರು ಹೇಳಿ.

ಕೀಲಿಮಣೆ:
ಮೇಡಂ, ಮೊದಲು ನಿಮ್ಮ ಸೈಟ್‌ನ ಅನಲಿಟಿಕ್ಸ್ ತೆಗೆದು ಜನ ಎಲ್ಲಿಂದ ಬರುತ್ತಿದ್ದಾರೆ ನೋಡಿ. ಫಾಲೋವರ್ಸ್ ಸಂಖ್ಯೆ ಇಟ್ಟುಕೊಂಡು ತೀರ್ಮಾನ ಮಾಡಬೇಡಿ. ಅಮೆರಿಕದ ಸಾರ್ವಜನಿಕ ರೇಡಿಯೊ ಎನ್‌ಪಿಆರ್ ಗೊತ್ತಲ್ವಾ, 2023ರ ಏಪ್ರಿಲ್‌ನಲ್ಲಿ ಟ್ವಿಟರ್ ಅವರ ಖಾತೆಗೆ ಸರ್ಕಾರಕ್ಕೆ ಸೇರಿದ ಮಾಧ್ಯಮ ಅನ್ನುವ ಅರ್ಥದ ಪಟ್ಟಿ ಅಂಟಿಸಿತು, ಗಲಾಟೆಯಾದ ಮೇಲೆ ಅದನ್ನು ಸರ್ಕಾರದ ದುಡ್ಡಲ್ಲಿ ನಡೆಯುವ ಮಾಧ್ಯಮ ಅಂತ ತಿದ್ದಿತು. ಎನ್‌ಪಿಆರ್ ಪೋಸ್ಟ್ ಮಾಡೋದನ್ನೇ ನಿಲ್ಲಿಸಿತು. ಆರು ತಿಂಗಳಾದ ಮೇಲೆ ಲೆಕ್ಕ ಹಾಕಿದರೆ ಸೈಟ್‌ಗೆ ಬರುವವರು ಕಡಿಮೆಯಾಗಿದ್ದು ಶೇ. 1ರಷ್ಟು ಮಾತ್ರ. ಯಾಕೆಂದರೆ ಮೊದಲು ಕೂಡ ಅಲ್ಲಿಂದ ಬರುತ್ತಿದ್ದವರು ಶೇ. 2ಕ್ಕಿಂತ ಕಡಿಮೆ. ಅಷ್ಟೊಂದು ಫಾಲೋವರ್ಸ್ ಇದ್ದು ಸಿಗುತ್ತಿದ್ದದ್ದು ಇಷ್ಟು!

ಇನ್ನು ಗಾರ್ಡಿಯನ್. 2024ರ ನವೆಂಬರ್ 13ರಂದು ಎಕ್ಸ್‌ನಲ್ಲಿ ಇನ್ನು ಪೋಸ್ಟ್ ಮಾಡಲ್ಲ ಅಂದರು. 80ಕ್ಕೂ ಹೆಚ್ಚು ಖಾತೆ, ಸುಮಾರು 2.7 ಕೋಟಿ ಫಾಲೋವರ್ಸ್. ಮಾರನೇ ದಿನವೇ ಸ್ಪೇನ್‌ನ ಲಾ ವಾಂಗ್ವಾರ್ದಿಯಾ ಪತ್ರಿಕೆ ಕೂಡ ಹಾಗೇ ಹೇಳಿತು. ಆದರೆ ಗಾರ್ಡಿಯನ್‌ನವರು ಪೂರ್ತಿ ಕೈತೊಳೆದುಕೊಂಡಿಲ್ಲ. ವರದಿಗಾರರು ಸುದ್ದಿ ಹುಡುಕಲು ಎಕ್ಸ್ ನೋಡಬಹುದು, ಲೇಖನದ ನಡುವೆ ಎಕ್ಸ್ ಪೋಸ್ಟ್ ಬರಬಹುದು, ಓದುಗರು ಲಿಂಕ್ ಹಂಚಬಹುದು ಅಂತ ಆಗಲೇ ಹೇಳಿದ್ದರು. ಹಾಗಾಗಿ ನಿಮ್ಮ ತಂಡದವರಿಗೆ ಹೇಳಿ, ಗಾರ್ಡಿಯನ್ ಥರ ಮಾಡೋದು ಅಂದರೆ ಅಳಿಸೋದಲ್ಲ, ಪೋಸ್ಟ್ ಹಾಕೋದನ್ನು ನಿಲ್ಲಿಸೋದು.

ಲಿಂಕ್ ವಿಷಯಕ್ಕೆ ಬಂದರೆ, ಅದೇ ನವೆಂಬರ್‌ನಲ್ಲಿ ಎಕ್ಸ್ ಮಾಲೀಕ ಮಸ್ಕ್ ಅವರೇ ವಿವರವನ್ನು ಪೋಸ್ಟ್‌ನಲ್ಲಿ ಬರೆದು ಲಿಂಕನ್ನು ಕೆಳಗೆ ರಿಪ್ಲೈನಲ್ಲಿ ಹಾಕಿ ಅಂದಿದ್ದರು. ಸುದ್ದಿಯವರಿಗೆ ಲಿಂಕೇ ಜೀವಾಳ, ಅದನ್ನು ಕೆಳಗೆ ಹಾಕು ಅಂದರೆ ಹೇಗೆ? ಬ್ಲೂಸ್ಕೈನವರು ನಾವು ಲಿಂಕನ್ನು ಹಿಂದಕ್ಕೆ ತಳ್ಳಲ್ಲ ಅಂತ ಹೇಳಿಕೊಂಡಿದ್ದಾರೆ. ದೊಡ್ಡ ಪತ್ರಿಕೆಗಳಿಗೆ ರಾಜಕೀಯದ ಕಾರಣ ಇರಬಹುದು, ನಿಮ್ಮಂಥ ಚಿಕ್ಕವರಿಗೆ ಬಿಡೋಕೆ ಈ ಲಿಂಕ್ ವಿಷಯವೇ ಸಾಕು ಅಂತ ನನ್ನ ಲೆಕ್ಕ.

ಸುಮ್ನಿರಯ್ಯ:
ವಲಸೆ ವಲಸೆ ಅಂತ ಎಷ್ಟು ಸಲ ನೋಡಿದ್ದೀವಿ ಗುರು. 2022ರಲ್ಲಿ ಮಸ್ಕ್ ಟ್ವಿಟರ್ ಕೊಂಡಾಗ ಎಲ್ಲರೂ ಮಾಸ್ಟಡಾನ್ ಅನ್ನೋ ಬೇರೆ ಬೇರೆ ಸರ್ವರ್‌ಗಳಲ್ಲಿ ನಡೆಯುವ ತಾಣಕ್ಕೆ ಓಡಿದರು, ಯಾವ ಸರ್ವರ್‌ಗೆ ಸೇರಬೇಕು ಅನ್ನುವ ಪ್ರಶ್ನೆಗೇ ಅರ್ಧ ಜನ ವಾಪಸ್ ಬಂದರು. 2023ರ ಜುಲೈನಲ್ಲಿ ಇನ್‌ಸ್ಟಾಗ್ರಾಮ್‌ನವರ ಥ್ರೆಡ್ಸ್ ಬಂತು, ಐದೇ ದಿನಕ್ಕೆ 10 ಕೋಟಿ ಜನ, ಆಮೇಲೆ ದಿನಾ ತೆರೆದು ನೋಡುವವರ ಸಂಖ್ಯೆ ಮೊದಲ ವಾರಗಳಲ್ಲೇ ಇಳಿಯಿತು. ನಮ್ಮ ದೇಶದ್ದೇ ಕೂ ಆ್ಯಪ್ ನೆನಪಿದೆಯಾ? ಮೊದಲು ಶುರುವಾಗಿದ್ದೇ ಕನ್ನಡದಲ್ಲಿ. 2021ರಲ್ಲಿ ಮಂತ್ರಿಗಳು, ಇಲಾಖೆಗಳು ಎಲ್ಲಾ ದಂಡು ಕಟ್ಟಿಕೊಂಡು ಹೋದರು. 2024ರ ಜುಲೈನಲ್ಲಿ ಬಾಗಿಲು ಹಾಕಿತು. ಬ್ಲೂಸ್ಕೈ 2024ರ ನವೆಂಬರ್‌ನಲ್ಲಿ 2 ಕೋಟಿ ದಾಟಿತು ನಿಜ, ಆದರೆ ಖಾತೆ ತೆರೆಯೋದು ಬೇರೆ, ದಿನಾ ಬಂದು ಕೂರೋದು ಬೇರೆ. ಬ್ಲೂಸ್ಕೈ ಯಾರೊಬ್ಬರ ಹಿಡಿತದಲ್ಲೂ ಇಲ್ಲ ಅಂತ ಜನ ಹೇಳೋ ಮಾತೂ ಅಷ್ಟಕ್ಕಷ್ಟೇ, ಬಹುತೇಕ ಎಲ್ಲರ ಖಾತೆ ಇರೋದು ಆ ಕಂಪನಿಯ ಸರ್ವರ್‌ನಲ್ಲೇ, ದುಡ್ಡು ಹಾಕಿದವರು ಹೂಡಿಕೆದಾರರೇ. ನಾಳೆ ಅವರೂ ಬದಲಾಗಲ್ಲ ಅಂತ ಏನು ಗ್ಯಾರಂಟಿ?

ಡೊಮೇನ್‌ದಾರ:
@ಸುಮ್ನಿರಯ್ಯ ಅವರ ಮಾತಲ್ಲಿ ತಥ್ಯ ಇದೆ. ಅದಕ್ಕೇ ಮೇಡಂ, ಎಲ್ಲಿಗೆ ಹೋದರೂ ನಿಮ್ಮ ಸ್ವಂತ ಡೊಮೇನ್ ಹೆಸರಲ್ಲೇ ಹೋಗಿ. ಬ್ಲೂಸ್ಕೈನಲ್ಲಿ ನಿಮ್ಮ ವೆಬ್‌ಸೈಟ್ ವಿಳಾಸವನ್ನೇ ಯೂಸರ್‌ನೇಮ್ ಮಾಡಿಕೊಳ್ಳಬಹುದು. ಸೆಟ್ಟಿಂಗ್ಸ್‌ನಲ್ಲಿ ಹ್ಯಾಂಡಲ್ ಬದಲಿಸುವ ಜಾಗಕ್ಕೆ ಹೋಗಿ ಸ್ವಂತ ಡೊಮೇನ್ ಇದೆ ಅಂತ ಒತ್ತಿದರೆ ಒಂದು ಉದ್ದನೆಯ ಕೋಡ್ ಕೊಡುತ್ತೆ. ಅದನ್ನು ನೀವು ಡೊಮೇನ್ ಕೊಂಡ ಕಡೆ ಡಿಎನ್‌ಎಸ್‌ನಲ್ಲಿ (ಡೊಮೇನ್‌ನ ವಿವರಗಳನ್ನು ಇಡುವ ಸೆಟ್ಟಿಂಗ್) ಒಂದು ಟಿಎಕ್ಸ್‌ಟಿ ರೆಕಾರ್ಡ್, ಅಂದರೆ ಪಠ್ಯದ ಸಾಲಾಗಿ ಸೇರಿಸಿ, ಸ್ವಲ್ಪ ಹೊತ್ತು ಬಿಟ್ಟು ವೆರಿಫೈ ಒತ್ತಿದರೆ ಮುಗೀತು. ಆ ಡೊಮೇನ್ ನಿಮ್ಮ ಕೈಯಲ್ಲಿರುವ ತನಕ ಅದೇ ಹೆಸರಲ್ಲಿ ಬೇರೆಯವರು ಬರೋಕಾಗಲ್ಲ. ಎಕ್ಸ್‌ನಲ್ಲಿ ದುಡ್ಡು ಕೊಟ್ಟು ನೀಲಿ ಟಿಕ್ ತಗೊಳ್ಳೋದಕ್ಕಿಂತ ಸುದ್ದಿ ಸೈಟ್‌ಗಳಿಗೆ ಇದು ಎಷ್ಟೋ ವಾಸಿ.

ಹಳೇ ಖಾತೆ ದಯವಿಟ್ಟು ಅಳಿಸಬೇಡಿ. ಅಳಿಸಿದರೆ ಮುಂದೊಂದು ದಿನ ಆ ಹೆಸರು ಬೇರೆ ಯಾರಿಗಾದರೂ ಸಿಗಬಹುದು, ನಿಮ್ಮ ಲೋಗೋ ಹಾಕಿಕೊಂಡು ಏನು ಬೇಕಾದರೂ ಬರೆಯಬಹುದು. ಮೊದಲು ನಿಮ್ಮ ಹಳೇ ಪೋಸ್ಟ್‌ಗಳ ಆರ್ಕೈವ್ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ. ಹೊಸ ವಿಳಾಸ ಇರುವ ಒಂದು ಪೋಸ್ಟ್ ಪಿನ್ ಮಾಡಿ, ಬಯೋನಲ್ಲೂ ಹಾಕಿ. ಪಾಸ್‌ವರ್ಡ್ ಬದಲಿಸಿ, ಟೂ ಸ್ಟೆಪ್ ಲಾಗಿನ್ ಆನ್ ಮಾಡಿ, ಆಮೇಲೆ ಅದರ ಪಾಡಿಗೆ ಬಿಡಿ.

ಹೊಸ ಕಡೆ ಮೊದಲ ವಾರ ಖಾಲಿ ಮನೆ ಥರ ಇರುತ್ತೆ, ಗಾಬರಿಯಾಗಬೇಡಿ. ವಿಜ್ಞಾನದವರ ಸ್ಟಾರ್ಟರ್ ಪ್ಯಾಕ್‌ಗಳು, ಅಂದರೆ ಫಾಲೋ ಮಾಡಬಹುದಾದವರ ಪಟ್ಟಿಗಳು, ಬೇಕಾದಷ್ಟಿವೆ, ಒಂದೇ ಸಲಕ್ಕೆ ಒಂದು ಗುಂಪನ್ನೇ ಫಾಲೋ ಮಾಡಬಹುದು. ಬರೀ ಹೆಡ್‌ಲೈನ್ ಮತ್ತು ಲಿಂಕ್ ಆಟೋಮ್ಯಾಟಿಕ್ ಆಗಿ ಸುರಿಯಬೇಡಿ, ಕೇಳಿದವರಿಗೆ ಉತ್ತರ ಕೊಡಿ. ಅಕ್ಷರ 300 ಮಾತ್ರ, ಹೆಡ್‌ಲೈನ್ ಬರೆದು ಅಭ್ಯಾಸ ಇರೋ ನಿಮಗೆ ಅದೇನು ಕಷ್ಟವಲ್ಲ ಬಿಡಿ. ಒಂದು ಎಚ್ಚರಿಕೆ, ಅಲ್ಲಿ ನೀವು ಯಾರನ್ನು ಬ್ಲಾಕ್ ಮಾಡಿದ್ದೀರಿ, ಏನು ಲೈಕ್ ಮಾಡಿದ್ದೀರಿ ಅನ್ನೋದೆಲ್ಲ ಹುಡುಕಿದರೆ ಬೇರೆಯವರಿಗೆ ಕಾಣುತ್ತೆ.

ಅರ್ಧರಾತ್ರಿ_ಸಂಪಾದಕಿ:
ಎಲ್ಲರಿಗೂ ಥ್ಯಾಂಕ್ಸ್. ಅನಲಿಟಿಕ್ಸ್ ನೋಡಿದೆ, ಜಾಸ್ತಿ ಜನ ಬರುತ್ತಿರುವುದು ಗೂಗಲ್ ಹುಡುಕಾಟದಿಂದ ಮತ್ತು ನಮ್ಮ ಇಮೇಲ್ ನ್ಯೂಸ್‌ಲೆಟರ್‌ನಿಂದ. ಸೋಶಿಯಲ್ ಮೀಡಿಯಾ ಎಲ್ಲೋ ತಳದಲ್ಲಿದೆ, ಇದಕ್ಕಾ ನಾವು ಇಷ್ಟು ಜಗಳ ಆಡಿದ್ದು! ಅಳಿಸುವ ಯೋಚನೆ ಬಿಟ್ಟೆವು. ಒಂದು ಪ್ರಶ್ನೆ, ನಮ್ಮ ಹಳೇ ಲೇಖನಗಳಲ್ಲಿ ನಮ್ಮದೇ ಎಕ್ಸ್ ಪೋಸ್ಟ್‌ಗಳನ್ನು ಎಂಬೆಡ್ ಮಾಡಿದ್ದೇವೆ (ಲೇಖನದೊಳಗೇ ಕಾಣುವ ಹಾಗೆ), ಅವುಗಳ ಗತಿ?

ಡೊಮೇನ್‌ದಾರ:
ಖಾತೆ ಇರುವ ತನಕ ತೊಂದರೆಯಿಲ್ಲ. ಆದರೂ ಅದನ್ನೇ ನಂಬಿಕೊಂಡು ಕೂರಬೇಡಿ. ಚಾರ್ಟ್, ವಿಡಿಯೊ ಇರುವ ಪೋಸ್ಟ್‌ಗಳನ್ನು ಮೊದಲು ಹುಡುಕಿ, ಮೂಲ ಫೈಲನ್ನು ನಿಮ್ಮ ಸರ್ವರ್‌ಗೇ ಹಾಕಿ. ಬರೀ ಮಾತಿರುವುದನ್ನು ಲೇಖನದೊಳಗೇ ಸೇರಿಸಿ ದಿನಾಂಕ ಹಾಕಿದರೆ ಸಾಕು. ನ್ಯೂಸ್‌ಲೆಟರ್‌ಗೆ ಸೇರುವ ಲಿಂಕನ್ನೂ ಆ ಪಿನ್ ಮಾಡಿದ ಪೋಸ್ಟ್‌ನಲ್ಲೇ ಹಾಕಿಬಿಡಿ.