ಪೈಲಟ್ ಹುದ್ದೆಯ ಸಂದರ್ಶನಕ್ಕೆ ಏನು ಧರಿಸಬೇಕು? ನಿವೃತ್ತ ಕ್ಯಾಪ್ಟನ್ ಒಬ್ಬರೊಂದಿಗೆ ಪ್ರಶ್ನೋತ್ತರ

ಪ್ರಶ್ನೆ (ದಾವಣಗೆರೆಯ ಸದಸ್ಯರು):
ಕ್ಯಾಪ್ಟನ್ ಸರ್, ನಮಸ್ಕಾರ. 200 ಗಂಟೆಗಳ ಹಾರಾಟ ಪೂರೈಸಿ ಸಿಪಿಎಲ್ (ವಾಣಿಜ್ಯ ಪೈಲಟ್ ಲೈಸೆನ್ಸ್) ಪಡೆದಿದ್ದೇನೆ. ಎ320 ವಿಮಾನದ ಟೈಪ್ ರೇಟಿಂಗ್, ಅಂದರೆ ಆ ಮಾದರಿಯನ್ನು ಹಾರಿಸುವ ಅರ್ಹತೆ, ಕೂಡ ಮುಗಿದಿದೆ. ಮುಂದಿನ ತಿಂಗಳು ಗುರುಗ್ರಾಮದಲ್ಲಿ ಸಂದರ್ಶನವಿದ್ದು, ಮರುದಿನವೇ ಸಿಮ್ಯುಲೇಟರ್ (ನೆಲದ ಮೇಲಿನ ಕೃತಕ ಕಾಕ್‌ಪಿಟ್) ಪರೀಕ್ಷೆಯೂ ಇರಬಹುದೆಂದು ತಿಳಿಸಿದ್ದಾರೆ. ಉಡುಪಿನ ಬಗ್ಗೆ ಪತ್ರದಲ್ಲಿ ‘ಫಾರ್ಮಲ್’ ಎಂಬ ಒಂದೇ ಪದವಿದೆ. ಫ್ಲೈಯಿಂಗ್ ಸ್ಕೂಲಿನ ಬಿಳಿ ಅಂಗಿಯನ್ನೇ ಹೆಗಲ ಪಟ್ಟಿಗಳ ಸಮೇತ ಧರಿಸಿಕೊಂಡು ಹೋಗು ಎಂದು ಗೆಳೆಯ ಹೇಳುತ್ತಾನೆ. ಮದುವೆಗೆ ಹೊಲಿಸಿದ್ದ ಅಣ್ಣನ ಸೂಟು ಇದೆಯಲ್ಲ, ಅದೇ ಸಾಕು ಎಂದು ಮನೆಯವರು ಹೇಳುತ್ತಾರೆ. ತರಬೇತಿಯ ಸಾಲ ಹೇಗೂ ತಲೆಯ ಮೇಲಿದೆ, ಹೊಸ ಸೂಟಿಗೆ ದುಡ್ಡು ಹಾಕಲು ಮನಸ್ಸಾಗುತ್ತಿಲ್ಲ. ತಮ್ಮ ಸಲಹೆ ಬೇಕು.

ಉತ್ತರ:
ಮೊದಲು ಪಟ್ಟಿಗಳ ವಿಷಯ. ಪತ್ರದಲ್ಲಿ ಸಮವಸ್ತ್ರದಲ್ಲೇ ಬನ್ನಿ ಎಂದು ಸ್ಪಷ್ಟವಾಗಿ ಬರೆದಿರದಿದ್ದರೆ ಅವನ್ನು ಮನೆಯಲ್ಲೇ ಬಿಡಿ. 1930ರ ದಶಕದಲ್ಲಿ ಪ್ಯಾನ್ ಅಮೆರಿಕನ್ ಸಂಸ್ಥೆಯು ನೀರಿನ ಮೇಲಿಳಿಯುವ ವಿಮಾನಗಳನ್ನು ನಡೆಸುತ್ತಿದ್ದಾಗ, ಹಡಗಿನ ಅಧಿಕಾರಿಗಳ ಉಡುಪನ್ನೇ ಮಾದರಿಯಾಗಿಟ್ಟುಕೊಂಡು ತನ್ನ ಪೈಲಟ್‌ಗಳಿಗೆ ಸಮವಸ್ತ್ರ ರೂಪಿಸಿತು. ಕ್ಯಾಪ್ಟನ್‌ಗೆ ನಾಲ್ಕು, ಫಸ್ಟ್ ಆಫೀಸರ್‌ಗೆ (ಸಹಪೈಲಟ್‌ಗೆ) ಸಾಮಾನ್ಯವಾಗಿ ಮೂರು ಎಂಬ ಇಂದಿನ ಪಟ್ಟಿಗಳ ಬೇರು ಅಲ್ಲಿದೆ. ಅವು ದರ್ಜೆಯ ಗುರುತು, ಅವನ್ನು ಕೊಡಬೇಕಾದದ್ದು ಕೆಲಸಕ್ಕೆ ಸೇರಿಸಿಕೊಳ್ಳುವ ಸಂಸ್ಥೆ. ಕೇಳುವುದಕ್ಕೆ ಬಂದವನು ಈಗಾಗಲೇ ತೊಟ್ಟುಕೊಂಡೇ ಬಂದಿದ್ದರೆ, ಮೇಜಿನ ಆಚೆ ಕುಳಿತ ಹಿರಿಯ ಕ್ಯಾಪ್ಟನ್‌ಗೆ ಒಳಗೊಳಗೇ ನಗು ಬರುತ್ತದೆ. ಆ ನಗು ನಿಮ್ಮ ಲೆಕ್ಕಕ್ಕೆ ಜಮೆಯಾಗುವಂಥದ್ದಲ್ಲ.

ಇನ್ನು ಅಣ್ಣನ ಸೂಟು. ಈ ತಪ್ಪನ್ನು ನಾನೇ ಮಾಡಿದ್ದೇನೆ. ನನ್ನ ಮೊದಲ ಸಂದರ್ಶನಕ್ಕೆ ದೊಡ್ಡಪ್ಪನ ಮಗನ ಕೋಟು ತೊಟ್ಟು ಹೋಗಿದ್ದೆ. ಹೆಗಲಿನ ಹೊಲಿಗೆ ನನ್ನ ಹೆಗಲು ದಾಟಿ ಎರಡು ಬೆರಳು ಕೆಳಗಿಳಿದಿತ್ತು. ಹೈಡ್ರಾಲಿಕ್ ವ್ಯವಸ್ಥೆಯ ಚಿತ್ರ ಬರೆದು ತೋರಿಸಿ ಎಂದು ಬೋರ್ಡಿನ ಬಳಿ ಕರೆದಾಗ, ಕೈ ಎತ್ತಿದ ಪ್ರತಿ ಸಲವೂ ಇಡೀ ಕೋಟು ಕಿವಿಯವರೆಗೆ ಏರುತ್ತಿತ್ತು, ನಾನು ಎಡಗೈಯಿಂದ ಅದನ್ನು ಕೆಳಗೆಳೆಯುತ್ತಿದ್ದೆ. ಬರೆದ ಚಿತ್ರ ಸರಿಯಾಗಿಯೇ ಇತ್ತು, ಆದರೆ ಅದನ್ನು ಯಾರೂ ನೋಡಿದಂತೆ ಕಾಣಲಿಲ್ಲ.

ಆದ್ದರಿಂದ ಅಣ್ಣನ ಕೋಟನ್ನು ತೊಟ್ಟು ಕನ್ನಡಿಯ ಮುಂದೆ ನಿಂತು ಹೆಗಲನ್ನು ಮಾತ್ರ ನೋಡಿ. ಹೆಗಲು ಸರಿಯಾಗಿ ಕುಳಿತಿದ್ದರೆ ತೋಳಿನ ಉದ್ದ, ಸೊಂಟದ ಅಳತೆಗಳನ್ನು ನಿಮ್ಮೂರಿನ ದರ್ಜಿಯೇ ಕಡಿಮೆ ಖರ್ಚಿನಲ್ಲಿ ಸರಿಮಾಡಿಕೊಡುತ್ತಾರೆ. ಹೆಗಲು ಕೂರದಿದ್ದರೆ ಆ ಕೋಟಿನ ಆಸೆ ಬಿಡಿ, ಏಕೆಂದರೆ ಹೆಗಲನ್ನು ಬಿಚ್ಚಿ ಹೊಲಿಯುವುದಕ್ಕಿಂತ ಹೊಸದು ಹೊಲಿಸುವುದೇ ಸುಲಭ. ಮಿರುಗುವ ಬಟ್ಟೆ, ಕಸೂತಿ, ಬಣ್ಣದ ಅಂಚು ಇರುವ ಮದುವೆಯ ಸೂಟಾದರೂ ಬೇಡ. ಹೊಲಿಸುವುದಾದರೆ ಕಡುನೀಲಿ ಅಥವಾ ಕಡುಬೂದು ಬಣ್ಣದ ಟೆರಿವುಲ್ ಬಟ್ಟೆ ಸಾಕು. ಹೆಚ್ಚು ಸುಕ್ಕಾಗುವುದಿಲ್ಲ, ಮುಂದೆ ಹತ್ತು ಕಡೆ ಉಪಯೋಗಕ್ಕೆ ಬರುತ್ತದೆ. ಅಂಗಿ ಬಿಳಿಯದು, ತುಂಬುತೋಳಿನದು. ತೆಳು ಅಂಗಿಯಾದರೆ ಒಳಗಿನ ಬನಿಯನ್ನಿನ ಗೆರೆ ಎದ್ದು ಕಾಣುತ್ತದೆ, ಸ್ವಲ್ಪ ದಪ್ಪ ಬಟ್ಟೆಯನ್ನೇ ಆರಿಸಿ. ಟೈ ಒಂದೇ ಬಣ್ಣದ್ದಾಗಿರಲಿ, ಅದರ ತುದಿ ಬೆಲ್ಟಿನ ಬಕಲ್ ಮುಟ್ಟಿ ನಿಲ್ಲಲಿ.

ಹೊಸ ಕೋಟಿನಲ್ಲಿ ಎಲ್ಲರ ಕಣ್ಣಿಗೂ ತಪ್ಪಿಹೋಗುವ ಒಂದು ಸಂಗತಿಯಿದೆ. ಅಂಗಡಿಯಿಂದ ಬಂದ ಕೋಟಿನ ಹಿಂಭಾಗದ ಸೀಳಿನಲ್ಲಿ ಗುಣಾಕಾರದ ಚಿಹ್ನೆಯಂಥ ಕಚ್ಚಾ ಹೊಲಿಗೆ ಇರುತ್ತದೆ, ತೋಳಿನ ಅಂಚಿನಲ್ಲಿ ಕಂಪನಿಯ ಚೀಟಿ ಇರುತ್ತದೆ. ಎರಡೂ ಸಾಗಣೆಗಾಗಿ ಹಾಕಿದವು, ಕತ್ತರಿಸಿ ತೆಗೆಯಬೇಕು. ನಾನು ಸಂದರ್ಶನ ಮಾಡಿದ ವರ್ಷಗಳಲ್ಲಿ ಆ ಹೊಲಿಗೆಯನ್ನು ಹಾಗೇ ಉಳಿಸಿಕೊಂಡು ಬಂದವರನ್ನು ಎಷ್ಟೋ ಸಲ ನೋಡಿದ್ದೇನೆ. ಅದಕ್ಕಾಗಿ ಯಾರನ್ನೂ ಫೇಲ್ ಮಾಡಿಲ್ಲ ಎನ್ನುವುದು ನಿಜ. ಆದರೆ ವಿಮಾನದ ಸುತ್ತ ನಡೆದು ಪರೀಕ್ಷಿಸುವಾಗ ವೇಗ ಅಳೆಯಲು ಬಳಸುವ ಪಿಟಾಟ್ ಕೊಳವೆಯ ಮೇಲೆ ಉಳಿದುಹೋದ ಹೊದಿಕೆಯನ್ನು ಗಮನಿಸಬೇಕಾದವನು ಇವನೇ ಅಲ್ಲವೇ ಎಂಬ ಯೋಚನೆ ಮಾತ್ರ ಬರದೆ ಇರುತ್ತಿರಲಿಲ್ಲ.

ಪ್ರಶ್ನೆ (ಅದೇ ಸದಸ್ಯರು):
ಧನ್ಯವಾದಗಳು ಸರ್. ಸಿಮ್ಯುಲೇಟರ್‌ಗೂ ಇದೇ ಉಡುಪು ನಡೆಯುತ್ತದೆಯೇ? ಶೂ ಹೇಗಿರಬೇಕು?

ಉತ್ತರ:
ಕೋಟನ್ನು ಹೊರಗೆ ತೂಗುಹಾಕಿ ಒಳಗೆ ಹೋಗುತ್ತೀರಿ, ಹಾಗಾಗಿ ಅಲ್ಲಿ ಅಂಗಿ, ಪ್ಯಾಂಟು, ಶೂಗಳದ್ದೇ ಕೆಲಸ. ಪ್ಯಾಂಟು ತೀರಾ ಬಿಗಿಯಾಗಿರಬಾರದು; ಸೀಟಿನ ಬೆಲ್ಟುಗಳಲ್ಲಿ ಒಂದು ಎರಡು ತೊಡೆಗಳ ನಡುವಿನಿಂದ ಮೇಲೆ ಬರುತ್ತದೆ, ಮೊಣಕಾಲು ಮಡಚಿ ಪೆಡಲ್ ಒತ್ತುವಾಗ ಹೊಲಿಗೆ ಬಿಚ್ಚಿಕೊಂಡ ಪ್ರಸಂಗಗಳೂ ಇವೆ.

ಶೂ ವಿಷಯದಲ್ಲಿ ನನ್ನದು ಹಟವೆಂದರೂ ಸರಿ: ತೆಳು ಅಟ್ಟೆಯ, ಲೇಸಿನ ಕಪ್ಪು ಶೂ. ವಿಮಾನದ ಮೂತಿಯನ್ನು ಎಡಬಲಕ್ಕೆ ತಿರುಗಿಸುವ ರಡ್ಡರ್ ಪೆಡಲನ್ನು ಪಾದದ ಕೆಳಭಾಗದಿಂದ ಒತ್ತುತ್ತೀರಿ, ಅದರ ಮೇಲ್ಭಾಗವನ್ನು ಬೆರಳ ತುದಿಯಿಂದ ಒತ್ತಿದರೆ ಬ್ರೇಕ್ ಹಿಡಿಯುತ್ತದೆ. ಟೇಕಾಫ್ ಹೊತ್ತಿನಲ್ಲಿ ಒಂದು ಎಂಜಿನ್ ನಿಲ್ಲಿಸಿ ನೋಡುವುದು ಪರೀಕ್ಷಕರ ಹಳೆಯ ಅಭ್ಯಾಸ. ಆಗ ಮೂತಿ ತಿರುಗದಂತೆ ಎಷ್ಟು ಬೇಕೋ ಅಷ್ಟೇ ರಡ್ಡರ್ ಕೊಡಬೇಕು. ಇಟ್ಟಿಗೆಯಂಥ ದಪ್ಪ ರಬ್ಬರಿನ ಅಟ್ಟೆಯಿದ್ದರೆ ಎಷ್ಟು ಒತ್ತಿದೆವೆಂದು ಪಾದಕ್ಕೆ ತಿಳಿಯುವುದೇ ಇಲ್ಲ. ಶೂ ಹೊಸದಾಗಿದ್ದರೆ ಈಗಿನಿಂದಲೇ ದಿನಕ್ಕೊಂದು ಗಂಟೆ ಮನೆಯಲ್ಲಿ ಹಾಕಿಕೊಂಡು ಓಡಾಡಿ. ಕಾಲುಚೀಲ ಕಪ್ಪು, ಕುಳಿತಾಗ ಕಣಕಾಲು ಕಾಣದಷ್ಟು ಉದ್ದದ್ದು.

ಗುರುಗ್ರಾಮದಲ್ಲಿ ಹೊರಗೆ ಎಂಥ ಬಿಸಿಲಿದ್ದರೂ ಸಿಮ್ಯುಲೇಟರ್ ಒಳಗೆ ಚಳಿಯಿರುತ್ತದೆ, ಯಂತ್ರಗಳು ಬಿಸಿಯಾಗದಂತೆ ತಂಪು ಮಾಡಿರುತ್ತಾರೆ. ಅರ್ಧ ತೋಳಿನ ಅಂಗಿ ಬೇಡವೆಂದದ್ದಕ್ಕೆ ಇದೂ ಒಂದು ಕಾರಣ.

ಪ್ರಶ್ನೆ (ಮೈಸೂರಿನ ಸದಸ್ಯೆ):
ಸರ್, ಹೆಣ್ಣುಮಕ್ಕಳು ಸೀರೆ ಉಟ್ಟು ಹೋಗಬಹುದೇ? ಸೂಟು ಹಾಕಿದರೆ ಯಾರದೋ ವೇಷ ಹಾಕಿಕೊಂಡಂತೆ ನನಗೆ ಮುಜುಗರವಾಗುತ್ತದೆ.

ಉತ್ತರ:
ಸೀರೆಗೂ ವಿಮಾನಕ್ಕೂ ಜಗಳವೇನಿಲ್ಲ, ಅಮ್ಮಾ. ಸರಳಾ ಠಕ್ರಾಲ್ ಅವರು 1936ರಲ್ಲಿ, 21ನೆಯ ವಯಸ್ಸಿನಲ್ಲಿ, ಸೀರೆ ಉಟ್ಟೇ ಜಿಪ್ಸಿ ಮಾತ್ ವಿಮಾನವನ್ನು ಒಂಟಿಯಾಗಿ ಹಾರಿಸಿದವರು. ಸಂದರ್ಶನ ಮಾತ್ರ ಇರುವ ದಿನ, ದಿನವೂ ಉಟ್ಟು ಅಭ್ಯಾಸವಿದ್ದರೆ, ಸಾದಾ ಹತ್ತಿ ಅಥವಾ ಕ್ರೇಪ್ ಸೀರೆಯನ್ನು ಸೆರಗಿಗೆ ಪಿನ್ ಹಾಕಿ ಉಡಬಹುದು. ನನ್ನ ಅನುಭವದಲ್ಲಿ ಅದಕ್ಕೆ ಯಾರೂ ಮುಖ ಕಿವಿಚಿದ್ದಿಲ್ಲ. ಆದರೆ ಗುಂಪು ಚಟುವಟಿಕೆಯೋ ಸಿಮ್ಯುಲೇಟರೋ ಅದೇ ದಿನ ಇದ್ದರೆ ಪ್ಯಾಂಟು, ಅಂಗಿ, ಕೋಟು ವಾಸಿ. ಮುಜುಗರ ಹೋಗಬೇಕಾದರೆ ನಾಲ್ಕು ದಿನ ಮೊದಲೇ ಅದನ್ನು ಹಾಕಿಕೊಂಡು ಪೇಟೆಗೆ ಹೋಗಿಬನ್ನಿ.

ಹೀಲ್ಸ್ ಬೇಡ, ಪೆಡಲಿಗೆ ಸಿಕ್ಕಿಕೊಳ್ಳುತ್ತದೆ. ಕೂದಲನ್ನು ಹೆಡ್‌ಸೆಟ್ಟಿನ ಪಟ್ಟಿಗೆ ಅಡ್ಡಬಾರದಂತೆ ಕೆಳಗೆ ತುರುಬು ಕಟ್ಟಿ. ಎ320ಯ ಬಲಗಡೆಯ ಸೀಟಿನಲ್ಲಿ ಬಲಗೈ ವಿಮಾನವನ್ನು ನಿಯಂತ್ರಿಸುವ ಸೈಡ್‌ಸ್ಟಿಕ್ ಮೇಲೆ, ಎಡಗೈ ಎಂಜಿನ್ ಶಕ್ತಿ ಹೆಚ್ಚುಕಡಿಮೆ ಮಾಡುವ ಥ್ರಸ್ಟ್ ಲಿವರ್ ಮೇಲೆ ಇರುತ್ತದೆ. ಎರಡೂ ಕೈಗಳಿಗೆ ಕೆಲಸವಿರುವುದರಿಂದ ಜೋತುಬೀಳುವ ಬಳೆ, ಬ್ರೇಸ್‌ಲೆಟ್ ಬಿಟ್ಟು ಬರಿಯ ಗಡಿಯಾರ ಇರಲಿ.

ಪ್ರಶ್ನೆ (ಹುಬ್ಬಳ್ಳಿಯ ಸದಸ್ಯರು):
ಗಡ್ಡ ತೆಗೆಯಲೇಬೇಕೇ ಸರ್? ಕೈಗೆ ದೇವರ ದಾರ, ಹಣೆಗೆ ವಿಭೂತಿ ಇದ್ದರೆ? ಸೆಂಟು ಹಾಕಬಹುದೇ?

ಉತ್ತರ:
ಗಡ್ಡಕ್ಕೆ ಬಹುಕಾಲದಿಂದ ಇದ್ದ ಆಕ್ಷೇಪಣೆ ಆಮ್ಲಜನಕದ ಮುಖವಾಡದ್ದು. ಗಡ್ಡವಿದ್ದರೆ ಅದು ಮುಖಕ್ಕೆ ಬಿಗಿಯಾಗಿ ಕೂರದೆಂಬ ಭಯ. ಆ ಭಯ ಅತಿಯಾದದ್ದೆಂದು ಕೆನಡಾದಲ್ಲಿ ನಡೆದ ಒಂದು ಪ್ರಯೋಗ ತೋರಿಸಿದ ನಂತರ ಏರ್ ಕೆನಡಾ 2018ರಲ್ಲಿ ತನ್ನ ಪೈಲಟ್‌ಗಳಿಗೆ ಚಿಕ್ಕ ಗಡ್ಡ ಬಿಡಲು ಅನುಮತಿ ಕೊಟ್ಟಿತು. ಸಂಸ್ಥೆಯಿಂದ ಸಂಸ್ಥೆಗೆ ನಿಯಮ ಬೇರೆಯಾಗಿರುವುದರಿಂದ ನೀವು ಹೋಗುವ ಕಡೆಯ ಪೈಲಟ್‌ಗಳನ್ನು ವಿಮಾನ ನಿಲ್ದಾಣದಲ್ಲಿ ಒಮ್ಮೆ ಗಮನಿಸಿ ನೋಡಿ. ಧರ್ಮದ ಕಾರಣಕ್ಕೆ ಬಿಟ್ಟ ಗಡ್ಡವಲ್ಲದಿದ್ದರೆ ಆ ದಿನಕ್ಕೆ ನುಣ್ಣಗೆ ಬೋಳಿಸಿಕೊಂಡು ಹೋಗಿ. ಎರಡು ದಿನದ ಕುರುಚಲಂತೂ ಬೇಡವೇ ಬೇಡ.

ತೆಳುವಾದ ವಿಭೂತಿಗೆ ನನ್ನ ಅಡ್ಡಿಯಿಲ್ಲ. ದಾರ ಒಂದಿರಲಿ, ಅಂಗಿಯ ತೋಳಿನೊಳಗಿರಲಿ. ಮೂರು ಜಾತ್ರೆಗಳ ಬಣ್ಣಗೆಟ್ಟ ದಾರಗಳನ್ನು ಬಿಚ್ಚಿ ತುಳಸಿ ಕಟ್ಟೆಗೆ ಹಾಕಿ.

ಸೆಂಟು ಬೇಡ. ಮುಚ್ಚಿದ ಕೋಣೆಯಲ್ಲಿ ಅದು ಇತರರಿಗೆ ಹಿಂಸೆ. ಹಾರಾಟಕ್ಕೆ ಮೊದಲು ಉಸಿರಿನ ಮದ್ಯ ಪರೀಕ್ಷೆ ಮಾಡಿಸಿಕೊಳ್ಳುವ ವೃತ್ತಿ ನಮ್ಮದು. ಮದ್ಯಸಾರವಿರುವ ಮೌತ್‌ವಾಶ್, ಸುಗಂಧದ್ರವ್ಯಗಳನ್ನು ಸಿಬ್ಬಂದಿ ಬಳಸಬಾರದೆಂದು ವಿಮಾನಯಾನದ ನಿಯಂತ್ರಣ ಸಂಸ್ಥೆಯಾದ ಡಿಜಿಸಿಎ 2023ರ ಒಂದು ಕರಡಿನಲ್ಲಿ ಸೂಚಿಸಿಯೂ ಇತ್ತು. ಸಂದರ್ಶನದ ದಿನ ಬೆಳಿಗ್ಗೆ ಸೋಪು ಹಾಕಿ ಸ್ನಾನ ಮಾಡಿದರೆ ಆಯಿತು.

ಪ್ರಶ್ನೆ (ದಾವಣಗೆರೆಯ ಸದಸ್ಯರು):
ಕೊನೆಯದಾಗಿ, ಬೆಂಗಳೂರಿನಿಂದ ದೆಹಲಿಗೆ ಸೂಟನ್ನು ಒಯ್ಯುವುದು ಹೇಗೆ ಸರ್?

ಉತ್ತರ:
ಚೆಕ್-ಇನ್ ಬ್ಯಾಗಿಗೆ ಮಾತ್ರ ಹಾಕಬೇಡಿ, ಬ್ಯಾಗು ಬೇರೆ ಊರಿಗೆ ಹೋದರೆ ನೀವು ಟೀ ಶರ್ಟಿನಲ್ಲಿ ಸಂದರ್ಶನಕ್ಕೆ ಕೂರಬೇಕಾಗುತ್ತದೆ. ಕೋಟನ್ನು ಕವರಿನಲ್ಲಿ ಹಾಕಿ ಕೈಯಲ್ಲೇ ಹಿಡಿದುಕೊಳ್ಳಿ. ಇಸ್ತ್ರಿ ಮಾಡಿಸಿದ ಎರಡು ಅಂಗಿ, ಶೂ, ಲಾಗ್ ಬುಕ್, ಲೈಸೆನ್ಸ್, ಮೆಡಿಕಲ್ ಪತ್ರಗಳು ಕ್ಯಾಬಿನ್ ಬ್ಯಾಗಿನಲ್ಲಿರಲಿ. ಎರಡನೆಯ ಅಂಗಿ ಏಕೆಂದರೆ, ವಿಮಾನದಲ್ಲಿ ಪಕ್ಕದವರ ಕಾಫಿ ಯಾರ ಮೇಲೆ ಚೆಲ್ಲುತ್ತದೆಂದು ಹೇಳಲು ಬರುವುದಿಲ್ಲ.